ಗಂಟೆ ಯಾವುದಾದರೇನು, ಎನ್‌ಒಸಿ ಸಿಕ್ಕರೆ ಸಾಕು

ರಾಜಾಜಿನಗರದಲ್ಲಿ ನನ್ನ ಭಾವ ಕಟ್ಟಿಸುತ್ತಿರುವ ವಾಣಿಜ್ಯ ಕಟ್ಟಡ ಐದನೆಯ ಮಹಡಿಯ ಗಾರೆ ಕೆಲಸದವರೆಗೆ ಬಂದಿದೆ. ನೆಲಮಹಡಿಯಲ್ಲಿ ಬಟ್ಟೆ ಅಂಗಡಿ, ಅದರ ಮೇಲೆ ರಕ್ತಪರೀಕ್ಷೆಯ ಲ್ಯಾಬ್, ಅದರ ಮೇಲೆ ಸಿಇಟಿ ಕೋಚಿಂಗ್, ಆಮೇಲೆ ಸಾಫ್ಟ್‌ವೇರ್ ಕಚೇರಿ, ತಾರಸಿಯಲ್ಲಿ ಹೋಟೆಲ್. ಫೈರ್ ಅಲಾರಂಗೆ ಬಂದ ಎರಡು ಕೊಟೇಶನ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ, 'ಯಾವುದಕ್ಕೆ ಹೂಂ ಅನ್ನಲಿ?' ಎಂದು ಕೇಳಿದರು. ಲಂಡನ್‌ನ ಕ್ರಾಯ್ಡನ್‌ನಲ್ಲಿ ಕಚೇರಿ ಕಟ್ಟಡವೊಂದರ ನಿರ್ವಹಣೆಯೇ ನನ್ನ ಹೊಟ್ಟೆಪಾಡು, ಕೇಳಿದ್ದು ಸರಿಯಾದವನನ್ನೇ. ಉತ್ಸಾಹದಿಂದ ನಾನೂ ಪ್ರಶ್ನೆ ಹಾಕಿದೆ. ಎಲ್ಲ ಡಿಟೆಕ್ಟರ್‌ಗಳ ಸುದ್ದಿ ಬಂದು ಸೇರುವ ಪೆಟ್ಟಿಗೆ, ಅಂದರೆ ಪ್ಯಾನೆಲ್, ಅದರ ಪಾಸ್‌ವರ್ಡ್ ಯಾರ ಕೈಯಲ್ಲಿರುತ್ತದೆ? ಹೊಗೆ ಪತ್ತೆಹಚ್ಚುವ ಡಿಟೆಕ್ಟರ್ ಬೇರೆ ಕಂಪನಿಯದ್ದಾದರೂ ಅದಕ್ಕೆ ಹೊಂದುತ್ತದೆಯೇ? ಒಂದೊಂದು ಡಿಟೆಕ್ಟರ್‌ಗೂ ಜಾಗದ ಹೆಸರು ಬರೆಯುವವರು ಯಾರು? ಎರಡನೆಯ ವರ್ಷದಿಂದ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆ, ಎಷ್ಟು? ಸಂಜೆ ಉತ್ತರ ಬಂತು: 'ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಿಗುತ್ತದೆಯೋ ಇಲ್ಲವೋ ಅಷ್ಟು ಹೇಳಿದ್ದರೆ ಸಾಕಿತ್ತು. ಲಂಡನ್‌ಗೆ ಹೋದವರಿಗೆ ಗಂಟೆಯಲ್ಲೂ ವೇದಾಂತ.'

ಅಕ್ಕನ ಗಂಡನಾದ್ದರಿಂದ ಮಾತನ್ನು ನುಂಗಿಕೊಂಡೆ. ನುಂಗಿದ್ದು ಹೊಟ್ಟೆಗೆ ಇಳಿಯಲಿಲ್ಲ.

ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಳೆಯ ಮಾದರಿಯ ಪ್ಯಾನೆಲ್ 'ಮೂರನೆಯ ವಲಯದಲ್ಲಿ ಹೊಗೆ' ಎಂದಷ್ಟೇ ಹೇಳುತ್ತದೆ. ಆ ವಲಯದ ಯಾವ ಕೋಣೆ ಎಂಬುದನ್ನು ನಾವೇ ಓಡಾಡಿ ಹುಡುಕಬೇಕು. ಅಡ್ರೆಸಬಲ್ ವ್ಯವಸ್ಥೆಯಲ್ಲಿ ಪ್ರತಿ ಡಿಟೆಕ್ಟರ್‌ಗೂ, ಬೆಂಕಿ ಕಂಡವರು ಒತ್ತಲೆಂದು ಗೋಡೆಯ ಮೇಲಿಟ್ಟ ಪ್ರತಿ ಕೆಂಪು ಪೆಟ್ಟಿಗೆಗೂ ತನ್ನದೇ ಒಂದು ಸಂಖ್ಯೆ. ಎಲ್ಲವೂ ಒಂದು ಜೋಡಿ ತಂತಿಯ ಮೇಲೆ ಸಾಲಾಗಿ ಕುಳಿತಿರುತ್ತವೆ. ಆ ತಂತಿ ಪ್ಯಾನೆಲ್‌ನಿಂದ ಹೊರಟು, ಮಹಡಿ ಸುತ್ತಿ, ಮತ್ತೆ ಪ್ಯಾನೆಲ್‌ಗೇ ಬಂದು ಸೇರುತ್ತದೆ; ಈ ಸುತ್ತಿಗೇ ಲೂಪ್ ಎಂದು ಹೆಸರು. ಹೀಗಾಗಿ ನಡುವೆ ಒಂದು ಕಡೆ ತುಂಡಾದರೂ ಎರಡೂ ತುದಿಗಳಿಂದ ಮಾತುಕತೆ ನಡೆಯುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೆ ನಡುನಡುವೆ ಕೂರಿಸಿದ ಐಸೊಲೇಟರ್‌ಗಳು ಆ ಭಾಗವನ್ನಷ್ಟೇ ಬೇರ್ಪಡಿಸಿ ಉಳಿದದ್ದನ್ನು ಕಾಯುತ್ತವೆ. ನಮ್ಮ ಕಡೆ ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆದು ಕೈತೊಳೆದುಕೊಳ್ಳುವ ಗುತ್ತಿಗೆದಾರರಿದ್ದಾರೆ. ಪೈಪು ಸುಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ ಎಂಬುದು ಅವರಿಗೆ ಹೊಳೆಯುವುದಿಲ್ಲವೋ, ಹೊಳೆದರೂ ತಂತಿಯ ಮೀಟರ್ ಲೆಕ್ಕ ಅದಕ್ಕಿಂತ ದೊಡ್ಡದೋ.

ಇಷ್ಟು ದುಡ್ಡು ಸುರಿದು ಕೊಳ್ಳುವುದು ಹೊಗೆ ಎದ್ದ ಜಾಗದ ಹೆಸರು ತಿಳಿಯಲೆಂದೇ. ಆ ಹೆಸರೋ ಪೆಟ್ಟಿಗೆಯೊಳಗೆ ಬರುವುದಿಲ್ಲ. ಮನುಷ್ಯನೊಬ್ಬ ಲ್ಯಾಪ್‌ಟಾಪ್ ಹಿಡಿದು ಕೂತು ಒಂದೊಂದಾಗಿ ತುಂಬಬೇಕು.

ಕಳೆದ ಸಲ ಊರಿಗೆ ಬಂದಿದ್ದಾಗ ಬೆಂಗಳೂರಿನ ಒಂದು ಕಾಂಪ್ಲೆಕ್ಸ್‌ನಲ್ಲಿ, ಚಟ ಬಿಡದೆ, ಅಲಾರಂ ಪ್ಯಾನೆಲ್ ನೋಡಲು ಹೋದೆ. ಒಳ್ಳೆಯ ಕಂಪನಿಯದ್ದೇ, ದುಬಾರಿಯದ್ದೇ. ಆಯುಧಪೂಜೆಯ ಕುಂಕುಮ ಇನ್ನೂ ಮಾಸಿರಲಿಲ್ಲ. ಮೂರು ಬೆರಳಿನ ವಿಭೂತಿ ಪರದೆಗೆ ಅಡ್ಡಲಾಗಿ ಬಿದ್ದಿತ್ತು, ಒಣಗಿದ ಚೆಂಡುಹೂವಿನ ಸರ ಬೀಗದ ಕೈಗೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ದೋಷ ಸೂಚಿಸುವ ಹಳದಿ ದೀಪ ಉರಿಯುತ್ತಿತ್ತು. ಬಜರ್‌ನ ತೂತುಗಳ ಮೇಲೆ ಯಾರೋ ಅಂಟುಪಟ್ಟಿ ಒತ್ತಿದ್ದರು. ಪರದೆಯಲ್ಲಿ ಇದ್ದದ್ದು ಇಷ್ಟು: 'ಲೂಪ್ 1, ಡಿವೈಸ್ 047.' 47 ಎಂದರೆ ಎಲ್ಲಿ ಎಂದು ಕಾವಲಿನವರನ್ನು ಕೇಳಿದೆ. 'ಅದು ಯಾವಾಗಲೂ ಹಾಗೇ ಇರುತ್ತದೆ ಸಾರ್' ಎಂದರು. ಛತ್ರದ ಹೆಸರೇ ಇಲ್ಲದ ಲಗ್ನಪತ್ರಿಕೆ! ಹಳೆಯ ಅಗ್ಗದ ಪ್ಯಾನೆಲ್ ಕೊನೇಪಕ್ಷ ಮಹಡಿಯನ್ನಾದರೂ ಹೇಳುತ್ತಿತ್ತು. ಲಕ್ಷಗಟ್ಟಲೆ ಕೊಟ್ಟು ಅದಕ್ಕಿಂತ ಕಡಿಮೆ ತಿಳಿಯುವ ಭಾಗ್ಯ ಇಲ್ಲಿ ಒದಗಿತ್ತು.

ನಮ್ಮ ಕ್ರಾಯ್ಡನ್ ಕಟ್ಟಡದ್ದು ಅಷ್ಟೇನೂ ಹೊಸ ವ್ಯವಸ್ಥೆಯಲ್ಲ. ಆದರೆ ಹೊಗೆ ಕಂಡರೆ ಪರದೆಯಲ್ಲಿ '3ನೇ ಮಹಡಿ, ಉತ್ತರ ಮೆಟ್ಟಿಲು, ಪ್ರಿಂಟರ್ ಕೋಣೆ' ಎಂಬಂತೆ ಮೂಡುತ್ತದೆ, ಪಕ್ಕದ ಗೋಡೆಯಲ್ಲಿ ವಲಯಗಳ ಬಣ್ಣದ ನಕ್ಷೆ ಇದೆ. ವರ್ಷಕ್ಕೆ ಎರಡು ಸಲ ತಪಾಸಣೆಗೆ ತಂತ್ರಜ್ಞ ಬರುತ್ತಾನೆ. ಉದ್ದನೆಯ ಕೋಲಿನ ತುದಿಯಲ್ಲಿ ಒಂದು ಬಟ್ಟಲು; ಅದನ್ನು ಡಿಟೆಕ್ಟರ್‌ಗೆ ಮುಚ್ಚಿ ಕೃತಕ ಹೊಗೆ ಊದುತ್ತಾನೆ, ಕೆಳಗೆ ಪ್ಯಾನೆಲ್ ಏನು ಹೇಳಿತು ಎಂದು ಫೋನಿನಲ್ಲಿ ಕೇಳಿ ಪಟ್ಟಿಯಲ್ಲಿ ಗುರುತು ಹಾಕುತ್ತಾನೆ. ಒಮ್ಮೆ ಬಾಡಿಗೆದಾರರೊಬ್ಬರು ಸಭಾಕೋಣೆಗೆ ನಡುಗೋಡೆ ಹಾಕಿಸಿ ಅರ್ಧವನ್ನು ಕಾಫಿ ಕೋಣೆ ಮಾಡಿಕೊಂಡಿದ್ದರು. ಆತ ನಿಂತಿದ್ದು ಕಾಫಿ ಯಂತ್ರದ ಮುಂದೆ, ಪ್ಯಾನೆಲ್ ಹೇಳಿದ್ದು 'ಸಭಾಕೋಣೆ' ಎಂದು. ಶುಕ್ರವಾರ ಸಂಜೆ, ಎಲ್ಲರಿಗೂ ಮನೆಯ ಆತುರ. 'ಸಹಿ ಹಾಕಿ ಹೋಗಪ್ಪಾ, ಸೋಮವಾರ ನೋಡೋಣ' ಎನ್ನುವುದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲ್ಯಾಪ್‌ಟಾಪ್ ಜೋಡಿಸಿ, ಹೆಸರು ತಿದ್ದಿ, ಮತ್ತೆ ಹೊಗೆ ಊದಿ, ನನ್ನಿಂದಲೇ ಪರದೆ ಓದಿಸಿ ಸಹಿ ಹಾಕಿದ. ಅಂಥವನಿಗೆ ಊರಿನಲ್ಲಾದರೆ ನಾವು 'ಕಿರಿಕಿರಿ ಮನುಷ್ಯ' ಎಂದು ಹೆಸರಿಟ್ಟು ಮುಂದಿನ ವರ್ಷ ಬೇರೆಯವರನ್ನು ಕರೆಯುತ್ತಿದ್ದೆವು.

ಇದು ಬಿಳಿಯರ ರಕ್ತದಲ್ಲಿ ಬಂದ ಗುಣವೇನಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಅಗ್ನಿ ಸುರಕ್ಷತಾ ಆದೇಶ ಪ್ರತಿ ವಾಣಿಜ್ಯ ಕಟ್ಟಡಕ್ಕೂ ಒಬ್ಬ ಹೊಣೆಗಾರನನ್ನು ಗೊತ್ತುಮಾಡುತ್ತದೆ. ತಪ್ಪಿದರೆ ದಂಡ, ಗಂಭೀರವಾದರೆ ಜೈಲು; ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಪಾರಾಗುವಂತಿಲ್ಲ. ಬಿಎಸ್ 5839 ಎಂಬ ಮಾನದಂಡದ ಪ್ರಕಾರ ವಾರಕ್ಕೊಮ್ಮೆ ಒಂದು ಕೆಂಪು ಪೆಟ್ಟಿಗೆಗೆ ಕೀಲಿ ತೂರಿಸಿ ಗಂಟೆ ಹೊಡೆಸಬೇಕು, ಪ್ರತಿ ವಾರವೂ ಬೇರೆ ಪೆಟ್ಟಿಗೆ. ನಮ್ಮದು ಮಂಗಳವಾರ ಬೆಳಗ್ಗೆ. ಆ ಪುಸ್ತಕದಲ್ಲಿ ನಾನು ಸಹಿ ಹಾಕುವುದು ಶ್ರದ್ಧೆಯಿಂದ ಎಷ್ಟೋ, ಭಯದಿಂದಲೂ ಅಷ್ಟೇ.

ನಮ್ಮಲ್ಲಿ ನಿಯಮ ಇಲ್ಲವೇ? ಅಲಾರಂಗೆಂದೇ ಐಎಸ್ 2189 ಎಂಬ ಭಾರತೀಯ ಮಾನದಂಡ ಇದೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಪೂರ್ತಿ ಬೆಂಕಿಯ ಬಗ್ಗೆಯೇ ಇದೆ. ಕಾಲಕಾಲಕ್ಕೆ ತಪಾಸಣೆ, ದಾಖಲೆ ಪುಸ್ತಕ, ಎಲ್ಲವೂ ಅದರಲ್ಲಿ ಬರೆದಿದೆ. ಆದರೆ ಕಟ್ಟಡ ಕಟ್ಟುವವರ ಮನಸ್ಸಿನಲ್ಲಿ ಅಲಾರಂನ ಆಯುಷ್ಯ ಎನ್‌ಒಸಿ ಕೈಗೆ ಬರುವ ದಿನಕ್ಕೆ ಮುಗಿಯುತ್ತದೆ. ಅಧಿಕಾರಿಗಳು ಬಂದು ನೋಡುವ ದಿನ ಗಂಟೆ ಹೊಡೆದರೆ ಸಾಕು. ಆಮೇಲೆ ಅದು ಎಎಂಸಿ ಎಂಬ ಬೇಡದ ಖರ್ಚು. ಲಿಫ್ಟ್‌ನ ಎಎಂಸಿ ಉಳಿಯುತ್ತದೆ, ಏಕೆಂದರೆ ಲಿಫ್ಟ್ ನಿಂತರೆ ಅದೇ ದಿನ ಬಾಡಿಗೆದಾರರು ಜಗಳಕ್ಕೆ ಬರುತ್ತಾರೆ. ಅಲಾರಂ ಸತ್ತರೆ ಯಾರೂ ಬರುವುದಿಲ್ಲ.

2010ರ ಫೆಬ್ರವರಿ 23ನ್ನು ಬೆಂಗಳೂರು ಮರೆಯಬಾರದಿತ್ತು. ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಕೊಳವೆಯಲ್ಲಿ ಹುಟ್ಟಿದ ಹೊಗೆ ಮಹಡಿಯಿಂದ ಮಹಡಿಗೆ ಏರಿತು. ಉಸಿರುಗಟ್ಟಿದವರು ಕಿಟಕಿ ಒಡೆದರು, ಕೆಲವರು ಹಾರಿದರು; ಒಂಬತ್ತು ಜನ ಹೋದರು. ಅಂಥ ಕೊಳವೆಯೊಳಗೆ ಹೊಗೆ ಎದ್ದ ಗಳಿಗೆಯಲ್ಲೇ ಗೊತ್ತಾಗಲಿ, ಗೊತ್ತಾದ ಕೂಡಲೇ ಏನೇನು ಆಗಬೇಕೋ ಅದು ತಾನಾಗಿ ಆಗಲಿ ಎಂಬುದಕ್ಕೇ ಈ ವ್ಯವಸ್ಥೆ: ಲಿಫ್ಟ್ ನೆಲಮಹಡಿಗೆ ಇಳಿದು ಬಾಗಿಲು ತೆರೆದು ನಿಲ್ಲಬೇಕು, ಕಾರ್ಡ್ ತೋರಿಸಿ ತೆಗೆಯುವ ಬಾಗಿಲುಗಳ ಬೀಗ ಬಿಡಬೇಕು, ಎಸಿಯ ಗಾಳಿ ನಿಲ್ಲಬೇಕು. ಭಾವನಿಗೆ ಬಂದ ಎರಡೂ ಕೊಟೇಶನ್‌ಗಳಲ್ಲಿ ಡಿಟೆಕ್ಟರ್ ಎಷ್ಟು, ಕೂಗುವ ಹೂಟರ್ ಎಷ್ಟು ಎಂಬ ಲೆಕ್ಕವಿದೆ. ಯಾವುದು ಕೂಗಿದರೆ ಏನಾಗಬೇಕು ಎಂಬ ಪಟ್ಟಿ ಎರಡರಲ್ಲೂ ಇಲ್ಲ.

ಅಗ್ಗದ ಕೊಟೇಶನ್‌ನದು ಕ್ಲೋಸ್ಡ್ ಪ್ರೋಟೋಕಾಲ್. ಎಂದರೆ ಆ ಪ್ಯಾನೆಲ್ ಅದೇ ಕಂಪನಿಯ ಡಿಟೆಕ್ಟರ್ ಜೊತೆಗೆ ಮಾತ್ರ ಮಾತನಾಡುತ್ತದೆ. ಮೊದಲ ವರ್ಷ ಉಳಿಸಿದ ದುಡ್ಡು ಮುಂದಿನ ಹತ್ತು ವರ್ಷ ಅವರು ಹೇಳಿದ ದರಕ್ಕೇ ಹೋಗುತ್ತದೆ. ಬೆಂಗಳೂರಿನ ಗೆಳೆಯನೊಬ್ಬನ ಕಟ್ಟಡದಲ್ಲಿ ಅಳವಡಿಸಿದವರು ಅಂಗಡಿ ಮುಚ್ಚಿ ಹೋದರು, ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು. ಒಂದು ಡಿಟೆಕ್ಟರ್ ಸೇರಿಸಲಾಗದೆ ಕೊನೆಗೆ ಪ್ಯಾನೆಲ್‌ನ್ನೇ ಬದಲಿಸಿದರು. ದುಬಾರಿ ಕೊಟೇಶನ್‌ನದು ಓಪನ್; ಅಪೊಲೊದಂಥ ತಯಾರಕರ ಡಿಟೆಕ್ಟರ್‌ಗಳನ್ನು ಹಲವು ಕಂಪನಿಗಳ ಪ್ಯಾನೆಲ್‌ಗಳು ಒಪ್ಪಿಕೊಳ್ಳುತ್ತವೆ. ಆದರೆ ಅಲ್ಲೂ ಒಂದು ಜಾಣತನ ನುಸುಳಿದೆ. ಲೂಪ್ ಒಂದಕ್ಕೆ 126 ಸಾಧನಗಳ ಮಿತಿ, ಇವರು 118ನ್ನು ಒಂದೇ ಲೂಪ್‌ಗೆ ಹೇರಿದ್ದಾರೆ. ಸಾಫ್ಟ್‌ವೇರ್ ಕಚೇರಿಯವರು ನಾಲ್ಕು ಗಾಜಿನ ಕೋಣೆ, ಕೋಚಿಂಗ್‌ನವರು ನಾಲ್ಕು ಕೋಣೆ ಮಾಡಿಕೊಂಡರೆ ಮುಗಿಯಿತು. ಎರಡು ಲೂಪ್ ಬೇಕೇ ಬೇಕು ಎಂದು ಬರೆದೆ. ಉತ್ತರವಾಗಿ ಕೈಮುಗಿಯುವ ಚಿತ್ರವೊಂದು ಬಂದಿದೆ.

ಇನ್ನು ಒಪ್ಪಿಕೊಳ್ಳಬೇಕಾದ ಕೆಲವು ಮಾತುಗಳಿವೆ. ಹೇಳದೆ ಬಿಟ್ಟರೆ ಅಕ್ಕನೇ ಬಿಡುವುದಿಲ್ಲ.

ನಾನು ಕೊಂಡಾಡಿದ ಇದೇ ಲಂಡನ್‌ನಲ್ಲಿ, 2024ರ ಅಕ್ಟೋಬರ್ 29ರಿಂದ, ಹಗಲು ಹೊತ್ತು ಬಹುಪಾಲು ವಾಣಿಜ್ಯ ಕಟ್ಟಡಗಳಲ್ಲಿ ಅಲಾರಂ ತಾನಾಗಿ ಕೂಗಿದರೆ ಅಗ್ನಿಶಾಮಕ ದಳ ಬರುವುದಿಲ್ಲ. ಬೆಂಕಿಯನ್ನೋ ಹೊಗೆಯನ್ನೋ ಕಂಡವರು ಫೋನ್ ಮಾಡಿ ಹೇಳಬೇಕು. ಅಂಥ ಕರೆಗಳಲ್ಲಿ ನೂರಕ್ಕೆ ಒಂದೂ ನಿಜವಾದ ಬೆಂಕಿಯಲ್ಲ ಎಂಬುದು ಅವರ ಕಾರಣ. ಇಷ್ಟೆಲ್ಲ ಸಹಿ, ಪುಸ್ತಕ, ಕೋಲು, ಬಟ್ಟಲು ಇದ್ದೂ ಈ ಗತಿ. ಮಂಗಳವಾರದ ಗಂಟೆಗೆ ನಮ್ಮ ಕಟ್ಟಡದಲ್ಲಿ ಯಾರೂ ತಲೆ ಎತ್ತುವುದಿಲ್ಲ. ಆ ಹೊತ್ತಿಗೇ ನಿಜವಾದ ಬೆಂಕಿ ಬಿದ್ದರೆ ಮೊದಲ ನಿಮಿಷ ಟೀ ಹೀರುತ್ತಲೇ ಕಳೆಯುತ್ತದೆ. 2017ರಲ್ಲಿ 72 ಜನರನ್ನು ಬಲಿ ತೆಗೆದುಕೊಂಡ ಗ್ರೆನ್‌ಫೆಲ್ ಟವರ್ ಕೂಡ ಇದೇ ಊರಿನದು. ಅದು ವಾಸದ ಕಟ್ಟಡ, ನಿಯಮ ಬೇರೆ. ಹಾಗಿದ್ದರೂ 24 ಮಹಡಿಗಳನ್ನು ಒಟ್ಟಿಗೆ ಎಚ್ಚರಿಸುವ ಒಂದು ಗಂಟೆ ಅಲ್ಲಿರಲಿಲ್ಲ.

ಕ್ರಾಯ್ಡನ್‌ನ ಡಿಟೆಕ್ಟರ್‌ಗಳಿಗೆ ಬಂದಿರುವುದು ಸುಖದ ಬಾಳು ಎಂಬುದೂ ನಿಜ. ಬೆಳಗಿನ ಊದುಬತ್ತಿ, ಶುಕ್ರವಾರದ ಕರ್ಪೂರ, ಗೃಹಪ್ರವೇಶದ ಹೋಮ, ಸೊಳ್ಳೆಗೆ ಹಾಕುವ ಸಾಂಬ್ರಾಣಿ, ಒಣಮೆಣಸಿನಕಾಯಿ ಒಗ್ಗರಣೆ, ಕರೆಂಟು ಹೋದೊಡನೆ ಜನರೇಟರ್‌ನ ಹೊಗೆ, ಮೆಟ್ರೊ ಕಾಮಗಾರಿಯ ಧೂಳು, ಇಷ್ಟು ಸಾಲದೆಂಬಂತೆ ಒಳಗೆ ಮನೆ ಮಾಡುವ ಹಲ್ಲಿಮರಿ ಇವ್ಯಾವುದನ್ನೂ ಅವು ಕಂಡಿಲ್ಲ. ದಿನಕ್ಕೆರಡು ಸಲ ಸುಳ್ಳು ಕೂಗುವ ಬಜರ್‌ಗೆ ಅಂಟುಪಟ್ಟಿ ಹಾಕಿದವನ ಸಂಕಟ ನನಗೆ ಪೂರ್ತಿ ಅರ್ಥವಾಗದ್ದೇನಲ್ಲ. ಅದಕ್ಕೇ ನಮ್ಮ ಊರಿಗೆ ಆರಿಸುವಾಗ ಹೆಚ್ಚು ಎಚ್ಚರ ಬೇಕು. ಹೋಟೆಲ್ ಅಡುಗೆಮನೆಗೆ, ಜನರೇಟರ್ ಕೋಣೆಗೆ ಶಾಖ ಹಿಡಿಯುವ ಡಿಟೆಕ್ಟರ್. ದೇವರ ಪಟವಿರುವ ಗಲ್ಲಾಪೆಟ್ಟಿಗೆಯ ಮೇಲೆ ಹೊಗೆ ಮತ್ತು ಶಾಖ ಎರಡನ್ನೂ ತೂಗಿ ನೋಡುವ ಮಲ್ಟಿಸೆನ್ಸರ್. ಧೂಳು ಕಟ್ಟುತ್ತಿದೆ ಎಂಬುದನ್ನು ಕೂಗುವ ಮೊದಲೇ ಪ್ಯಾನೆಲ್‌ಗೆ ತಿಳಿಸುವ ಮಾದರಿ. ಎಲ್ಲ ಕಡೆಯೂ ಒಂದೇ ಅಗ್ಗದ ಹೊಗೆ ಡಿಟೆಕ್ಟರ್ ಬರೆದಿದ್ದರೆ ಆ ಕೊಟೇಶನ್ ಬರೆದವನು ಕಟ್ಟಡವನ್ನು ಹತ್ತಿ ನೋಡಿಲ್ಲ ಎಂದೇ ಅರ್ಥ.

ಕಾವಲಿನವರ ವಿಷಯದಲ್ಲೂ ನಾನು ಸ್ವಲ್ಪ ಇಳಿಯಬೇಕು. ಕ್ರಾಯ್ಡನ್‌ನ ಪಾಳಿ ಬದಲಾಗುವ ಸೆಕ್ಯುರಿಟಿಯವರಿಗೆ ಮೂರನೆಯ ಮಹಡಿಯಲ್ಲಿ ಯಾರಿದ್ದಾರೆಂದು ಗೊತ್ತಿರುವುದಿಲ್ಲ. ಬೆಂಗಳೂರಿನ ಕಾವಲಿನವರಿಗೆ ಯಾವ ಅಂಗಡಿಯವರು ಶೆಟರ್ ಎಳೆದು ಒಳಗೆ ಮಲಗುತ್ತಾರೆ, ಲ್ಯಾಬ್‌ನ ಯಾವ ಹುಡುಗಿ ತಡವಾಗಿ ಇಳಿಯುತ್ತಾಳೆ ಎಲ್ಲವೂ ಬಾಯಿಪಾಠ. ಅವರ ಕೈಗೆ 'ಡಿವೈಸ್ 047' ಕೊಟ್ಟಿರುವುದು ನಾವು. ಪ್ಯಾನೆಲ್‌ನ ಪುಟ್ಟ ಪರದೆಯಲ್ಲಿ ಕನ್ನಡ ಮೂಡುವುದನ್ನು ನಾನಿನ್ನೂ ನೋಡಿಲ್ಲ. ಹಾಗಿರುವಾಗ ಸಂಖ್ಯೆ, ಮಹಡಿ, ಕೋಣೆ ಎಲ್ಲವನ್ನೂ ಕನ್ನಡದಲ್ಲಿ ಬರೆದ ನಕ್ಷೆ ಪಕ್ಕದಲ್ಲಿ ತೂಗಲೇಬೇಕು. ಇದೊಂದಕ್ಕೆ ಭಾವ ಚೌಕಾಸಿ ಇಲ್ಲದೆ ಒಪ್ಪಿದ್ದಾರೆ, ಬಟ್ಟೆ ಅಂಗಡಿಯ ಬೋರ್ಡ್ ಮಾಡುವವರೇ ಮಾಡಿಕೊಡುತ್ತಾರಂತೆ.

ಚೌಕಾಸಿಯನ್ನು ಅವರು ಉಳಿಸಿಕೊಳ್ಳಬೇಕಾದದ್ದು ಬೇರೆ ಕಡೆ. ಬಿಲ್ಲಿನ ಕೊನೆಯ ಕಂತನ್ನು ಹಿಡಿದಿಡಲಿ. ಗುತ್ತಿಗೆದಾರನ ಹುಡುಗ ಮಹಡಿ ಮಹಡಿಗೂ ಹೋಗಿ ಒಂದೊಂದು ಡಿಟೆಕ್ಟರ್‌ಗೂ ಹೊಗೆ ಊದಲಿ, ಭಾವ ಕೆಳಗೆ ಪ್ಯಾನೆಲ್ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಕನ್ನಡಕ ಏರಿಸಿ ಪರದೆ ಓದಲಿ, ತಪ್ಪಿದ ಪ್ರತಿ ಹೆಸರಿಗೂ ಬಿಲ್ಲಿನಲ್ಲಿ ಇಷ್ಟು ಎಂದು ಕಳೆಯಲಿ. ಆ ಕೆಲಸಕ್ಕೆ ಅವರಿಗಿಂತ ತಕ್ಕವರು ಲಂಡನ್‌ನಲ್ಲಿ ಹುಡುಕಿದರೂ ಸಿಗಲಾರರು.