ಹೆಚ್ಚು ಮತದ ಸೋಲು, ಕಡಿಮೆ ಮತದ ಜಯಭೇರಿ

ಬ್ರಿಟನ್ನಿನ ಎಡಪಂಥೀಯರಿಗೆ ಲೆಕ್ಕ ಬರುವುದಿಲ್ಲವೆಂಬ ದೂರನ್ನು ನಾನೂ ಒಪ್ಪುತ್ತೇನೆ, ಆದರೆ ಅವರಿಗೆ ಸಿಕ್ಕ ಲೆಕ್ಕವಾದರೂ ಎಂಥದು? 2019ರ ಸಂಸತ್ ಚುನಾವಣೆಯಲ್ಲಿ ಜೆರೆಮಿ ಕಾರ್ಬಿನ್ ನೇತೃತ್ವದ ಲೇಬರ್ ಪಕ್ಷ 1 ಕೋಟಿ 2 ಲಕ್ಷಕ್ಕೂ ಹೆಚ್ಚು ಮತ ಪಡೆದು 202 ಸ್ಥಾನಗಳಿಗೆ ಕುಸಿದಾಗ, 1935ರ ನಂತರ ಇಂಥ ಹೀನಾಯ ಸೋಲು ಕಂಡಿರಲಿಲ್ಲವೆಂದು ಪಂಡಿತರು ಎಡಪಂಥದ ತಿಥಿಯೂಟವನ್ನೂ ಉಂಡು ಕೈತೊಳೆದರು. 2024ರಲ್ಲಿ ಕೀರ್ ಸ್ಟಾರ್ಮರ್ ಅದೇ ಪಕ್ಷಕ್ಕೆ ಸುಮಾರು 97 ಲಕ್ಷ ಮತ ತಂದರು, 650ರಲ್ಲಿ 411 ಸ್ಥಾನ ಬಂದವು, ಅದು ಪ್ರಚಂಡ ಜನಾದೇಶವಾಯಿತು. ಇನ್ನೊಂದೈದು ಲಕ್ಷ ಮತದಾರರನ್ನು ಓಡಿಸಿದ್ದರೆ ಇಡೀ ಸದನವೇ ಕೈವಶವಾಗುತ್ತಿತ್ತೇನೋ.

ಕ್ಷೇತ್ರದಲ್ಲಿ ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವರೇ ಗೆದ್ದಂತೆ ಎಂಬ ಪದ್ಧತಿಯ ಮಹಿಮೆ ಇದು. ಆಂಗ್ಲರು ನಮಗೂ ಬಿಟ್ಟುಹೋದ ತಕ್ಕಡಿ ಇದೇ ಆದ್ದರಿಂದ ಹೆಚ್ಚು ವಿವರಿಸಬೇಕಿಲ್ಲ. ಬಲಪಂಥದ ಮತಗಳನ್ನು ಕನ್ಸರ್ವೇಟಿವ್ ಮತ್ತು ರಿಫಾರ್ಮ್ ಪಕ್ಷಗಳು ಹರಿದು ಹಂಚಿಕೊಂಡವು. 41 ಲಕ್ಷ ಮತ ಪಡೆದ ರಿಫಾರ್ಮ್‌ಗೆ 5 ಸ್ಥಾನ ದಕ್ಕಿದರೆ, 35 ಲಕ್ಷ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72 ದಕ್ಕಿದವು.

ಮತಕ್ಕೆ ತಕ್ಕಷ್ಟು ಸ್ಥಾನ ನೀಡುವ ಪ್ರಮಾಣಾನುಗುಣ ಪದ್ಧತಿ ಬೇಕೆಂದು 2022ರ ಲೇಬರ್ ಸಮ್ಮೇಳನವೇ ನಿರ್ಣಯ ಮಾಡಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಗೆದ್ದ ತಿಂಗಳಲ್ಲೇ, ಮಕ್ಕಳ ಭತ್ಯೆಗೆ ಹಾಕಿದ್ದ ಎರಡು ಮಕ್ಕಳ ಮಿತಿಯನ್ನು ತೆಗೆಯಬೇಕೆಂದು ಮತ ಹಾಕಿದ 7 ಸಂಸದರನ್ನು ಪಕ್ಷ ಸಂಸದೀಯ ಗುಂಪಿನಿಂದ ಅಮಾನತು ಮಾಡಿತು. ಮಿತಿ ಮಕ್ಕಳಿಗಷ್ಟೇ ಅಲ್ಲ, ಆತ್ಮಸಾಕ್ಷಿಗೂ ಇತ್ತೆಂದು ಅವರಿಗೆ ಆಗ ತಿಳಿದಿರಬೇಕು.

ಹೊರಬಿದ್ದವರು ಸುಮ್ಮನಿದ್ದಾರೆಯೇ? 2025ರಲ್ಲಿ, ಮೊದಲೇ ಪಕ್ಷದಿಂದ ಹೊರಬಿದ್ದಿದ್ದ ಕಾರ್ಬಿನ್ ಮತ್ತು ಆ ಏಳು ಸಂಸದರಲ್ಲೊಬ್ಬರಾದ ಜಾರಾ ಸುಲ್ತಾನಾ ಸೇರಿ ಹೊಸ ಪಕ್ಷ ಕಟ್ಟಲು ಹೊರಟು, ಸದ್ಯಕ್ಕೆಂದು ಅದನ್ನು 'ಯುವರ್ ಪಾರ್ಟಿ', ಅಂದರೆ 'ನಿಮ್ಮ ಪಕ್ಷ' ಎಂದು ಕರೆದರು. ನಿಮ್ಮದು ಎಂದರೆ ಯಾರದು ಎಂಬುದು ಸೆಪ್ಟೆಂಬರ್‌ನಲ್ಲೇ ಜಗಳವಾಯಿತು: ಸುಲ್ತಾನಾ ಸದಸ್ಯತ್ವದ ನೋಂದಣಿ ತೆರೆದರು, ಕಾರ್ಬಿನ್ ಬಳಗ ಅದಕ್ಕೆ ಹಣ ಕಟ್ಟಬೇಡಿ ಎಂದಿತು. ಕೊನೆಗೆ ಲಿವರ್‌ಪೂಲ್‌ನ ಸ್ಥಾಪನಾ ಸಮ್ಮೇಳನದಲ್ಲಿ ಹೆಸರನ್ನು ಸದಸ್ಯರ ಮತಕ್ಕೇ ಬಿಡಲಾಯಿತು. ನಾಲ್ಕು ಹೆಸರುಗಳಲ್ಲಿ 'ನಮ್ಮ ಪಕ್ಷ'ವೂ ಇತ್ತು, ಪಾಪ, ಗೆಲ್ಲಲಿಲ್ಲ. ಗೆದ್ದದ್ದು 'ನಿಮ್ಮ ಪಕ್ಷ'ವೇ, ಸುಮಾರು ಶೇ 37 ಮತಗಳಿಂದ.