ಮೇಜರ್ ಸಾಹೇಬರಿಗೆ ಒಂದು ಮಂಚ

ಮೊನ್ನೆ ಪೇಪರಿನಲ್ಲಿ ಪುನಃ ಬಂದಿದೆ. ಹಳೇ ಸೋಫಾ ಮಾರಲು ಹೋದವರ ಖಾತೆ ಖಾಲಿ, ಸೈಬರ್ ಅಪರಾಧ ನೋಡುವ ಸೆನ್ ಠಾಣೆಯಲ್ಲಿ ಕೇಸು. ಊರಿನ ಹೆಸರು ಮತ್ತು ಮೊತ್ತ ಬದಲಿಸಿ ಹಳೇ ಸುದ್ದಿಯನ್ನೇ ಹಾಕುತ್ತಾರೋ ಎಂದು ನನಗೊಂದು ಸಂಶಯ ಉಂಟು.

ಆನ್‌ಲೈನ್‌ನಲ್ಲಿ ಮಾರುವ ಉಸಾಬರಿಗೆ ನಾನೂ ಇಳಿದಿದ್ದೇನೆ. ಮನೆಯಲ್ಲೊಂದು ತೇಗದ ಮಂಚ ಇತ್ತು, ಜಾಗ ಇರಲಿಲ್ಲ. ಫೋಟೋ ಹಾಕಿದ ಕೂಡಲೇ ಒಬ್ಬರು "ಉಂಟಾ?" ಎಂದರು. ಉಂಟು ಎಂದೆ. "ಲಾಸ್ಟ್ ಎಷ್ಟು?" ಫಸ್ಟ್ ಎಷ್ಟು ಅಂತಲಾದರೂ ಓದಿ ಮಾರಾಯ್ರೆ! ಮತ್ತೊಬ್ಬರು ಅರ್ಧ ಬೆಲೆಗೆ ಕೇಳಿದರು. ಅದೂ ಕುಂದಾಪುರಕ್ಕೆ ತಲುಪಿಸಿ ಕೊಡಬೇಕು, ಟೆಂಪೋ ಬಾಡಿಗೆ ನನ್ನದೇ. ಭಾನುವಾರ ಬರುತ್ತೇನೆ ಎಂದವರು ಯಾವ ಭಾನುವಾರ ಎಂದು ಹೇಳಲಿಲ್ಲ.

ಇವರೆಲ್ಲರ ನಡುವೆ ಮರ್ಯಾದಸ್ಥರು ಎಂದರೆ ಒಬ್ಬರೇ, ಮೇಜರ್ ಸಾಹೇಬರು. ಚೌಕಾಸಿ ಇಲ್ಲ. ಮಾತುಮಾತಿಗೆ 'ಜೀ' ಹಾಕಿ ಹಿಂದಿಯಲ್ಲಿ ಮಾತಾಡಿದರು. ಗೆದ್ದಲು ಹಿಡಿದಿದೆಯಾ ಎಂದೂ ಕೇಳಲಿಲ್ಲ. ಕೇಳದೆಯೇ ಐಡಿ ಕಾರ್ಡ್ ಕಳಿಸಿದರು. ಯೂನಿಫಾರ್ಮಿನ ಫೋಟೋ, ಮಸುಕು ಸೀಲು, ಮೂಲೆಯಲ್ಲಿ ಕಾರ್ಡ್ ಹಿಡಿದ ಹೆಬ್ಬೆರಳು. ಮಾತಿನಲ್ಲಿ ಮೇಜರ್, ಕಾರ್ಡಿನಲ್ಲಿ ಸಿಐಎಸ್‌ಎಫ್ ಕಾನ್‌ಸ್ಟೇಬಲ್. ಫೋಟೋ ಅಪ್‌ಲೋಡ್ ಆಗುವಷ್ಟರಲ್ಲಿ ಪ್ರಮೋಷನ್ ಸಿಕ್ಕಿರಬೇಕು, ಜತೆಗೆ ಇಲಾಖೆಯೂ ಬದಲಾಗಿರಬೇಕು. ಪಾಪ, ಆ ಕಾರ್ಡಿನ ಅಸಲಿ ಮನುಷ್ಯ ಯಾವ ಗೇಟಿನಲ್ಲಿ ಡ್ಯೂಟಿ ಮಾಡುತ್ತಿದ್ದಾರೋ.

ಬಜಪೆ ಏರ್‌ಪೋರ್ಟಿನಲ್ಲಿ ಸಿಐಎಸ್‌ಎಫ್ ಉಂಟು, ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್ ಉಂಟು, ಗೊತ್ತು. ಆದರೆ ಈ ಆ್ಯಪುಗಳನ್ನು ನಂಬಿದರೆ ಭಾರತೀಯ ಸೇನೆಯ ಅರ್ಧ ಭಾಗಕ್ಕೆ ಮಂಗಳೂರಿಗೇ ಟ್ರಾನ್ಸ್‌ಫರ್. ಒಬ್ಬರಿಗೂ ಮಲಗಲು ಮಂಚ ಇಲ್ಲ.

ಇರಲಿ. ಬಾಡಿಗೆ ಮನೆಯ ಜಾಹೀರಾತು ಓದಿದ್ದೀರಾ? ನಿದ್ದೆ ಬಾರದಿದ್ದರೆ ನಾನೀಗ ಅದನ್ನೇ ಓದುವುದು. 'ಕದ್ರಿ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ' ಎಂದರೆ ಮನೆ ವಾಮಂಜೂರಿನಲ್ಲಿ. ನಡೆದು ಹೋಗಬಹುದು, ಸುಳ್ಳಲ್ಲ. ಧರ್ಮಸ್ಥಳಕ್ಕೂ ನಡೆದೇ ಹೋಗುವವರು ಇದ್ದಾರಲ್ವಾ. ಸುರತ್ಕಲ್‌ನ 'ಸೀ ವ್ಯೂ' ಬೇಕಿದ್ದರೆ ಟೆರೇಸಿನ ಟ್ಯಾಂಕ್ ಮೇಲೆ ಹತ್ತಬೇಕು. '24 ಗಂಟೆ ನೀರು' ಎಂದು ಎಲ್ಲರೂ ಬರೆಯುತ್ತಾರೆ. ಮೇ ತಿಂಗಳಲ್ಲಿ ತುಂಬೆ ಡ್ಯಾಮಿನ ಮಟ್ಟ ಇಳಿದಾಗ ಆ ಸಾಲು ಓದಿದರೆ ಜಾಸ್ತಿ ರುಚಿ. ಕೊಟ್ಟಾರ ಚೌಕಿಯ ಮನೆಗಳಿಗೆ ಮಾತ್ರ ಜುಲೈಯಲ್ಲಿ ಆ ಭರವಸೆ ಈಡೇರುತ್ತದೆ, ನೇರ ಹಾಲ್‌ನೊಳಗೆ.

ಕಾರುಗಳನ್ನೆಲ್ಲ ಲೇಡಿ ಡಾಕ್ಟರುಗಳೇ ಓಡಿಸಿದ್ದು. ಒಂದೂ ಶಿರಾಡಿ ಘಾಟಿ ಕಂಡಿಲ್ಲ. ಮಣಿಪಾಲದಲ್ಲಿ ಪರೀಕ್ಷೆ ಮುಗಿದರೆ ಹಾಸಿಗೆಗಳ ಸುಗ್ಗಿ. 'ಒಂದೇ ವರ್ಷ ಬಳಸಿದ್ದು' ಎಂದು ಬರೆದಿರುತ್ತಾರೆ, ನಿಜವೇ, ಈ ಹುಡುಗ ಬಳಸಿದ್ದು ಒಂದೇ ವರ್ಷ. ಅದಕ್ಕೂ ಮುಂಚೆ ಆ ಹಾಸಿಗೆಯ ಮೇಲೆ ಎಷ್ಟು ಮಂದಿ ಎಂಬಿಬಿಎಸ್ ಮುಗಿಸಿದರೋ, ಹತ್ತಿಗೆ ಅನಾಟಮಿ ಬಾಯಿಪಾಠ ಬರುತ್ತಿರಬೇಕು.

ಇವೆಲ್ಲ ಸಣ್ಣ ಸುಳ್ಳು. ನಗಬಹುದು.

ಮೇಜರರದ್ದು ಹಾಗಲ್ಲ. ಮೊದಲು ನಂಬಿಕೆಗೆಂದು ಐದೋ ಹತ್ತೋ ರೂಪಾಯಿ ನಿಮಗೇ ಹಾಕುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್. "ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ದುಡ್ಡು ಬರುತ್ತದೆ." ದುಡ್ಡು ಬರಲಿಕ್ಕೆ ಪಿನ್ ಬೇಡ. ಸ್ಕ್ಯಾನ್ ಬೇಡ. ಪಿನ್ ಒತ್ತುವುದು ದುಡ್ಡು ಹೋಗಲಿಕ್ಕೆ ಮಾತ್ರ. ಇಷ್ಟು ಸಾದಾ ವಿಷಯವನ್ನು ಬ್ಯಾಂಕಿನವರು ಇಂಗ್ಲಿಷ್ ಮೆಸೇಜಿನಲ್ಲಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಪಿಂಚಣಿ ದುಡ್ಡು ಕಳಕೊಂಡ ಹಿರಿಯರು ಕೌಂಟರಿಗೆ ಹೋದರೆ, "ಪಿನ್ ನೀವೇ ಒತ್ತಿದ್ದಲ್ವಾ?" ಎಂದು ನಾಲ್ಕು ಜನರ ಎದುರು ಕೇಳುತ್ತಾರೆ. ಕಳಕೊಂಡದ್ದು ಅವರೇ, ಬೈಸಿಕೊಳ್ಳುವುದೂ ಅವರೇ.

ಯುಪಿಐ ಬಂದದ್ದು 2016ರಲ್ಲಿ. ಗುರುತು ಪರಿಚಯ ಇಲ್ಲದವನೂ ನಿಮ್ಮ ಫೋನಿಗೆ 'ಇಷ್ಟು ದುಡ್ಡು ಕೊಡಿ' ಎಂದು ರಿಕ್ವೆಸ್ಟ್ ಕಳಿಸಬಹುದಿತ್ತು. ವ್ಯಕ್ತಿಗಳ ನಡುವಿನ ಆ ಸೌಲಭ್ಯ ನಿಲ್ಲಿಸಲು ಯುಪಿಐ ನಡೆಸುವ ಎನ್‌ಪಿಸಿಐ ಗಡುವು ಹಾಕಿದ್ದು 2025ರ ಅಕ್ಟೋಬರ್ 1ಕ್ಕೆ. ಒಂಬತ್ತು ವರ್ಷ! ಅಷ್ಟು ಕಾಲ ಜನರಿಗೆ ಸಿಕ್ಕಿದ್ದು 'ಎಚ್ಚರವಾಗಿರಿ' ಎಂಬ ಉಪದೇಶ. ಮೋಸ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ ಎನ್ನುತ್ತಾರೆ. ಮಾಡಲೇಬೇಕು, ತಡವಾದರೆ ದುಡ್ಡು ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ಆದರೆ ಅದೇ ಮೇಜರ್, ಅದೇ ಕಾರ್ಡ್, ಅದೇ ಹೆಬ್ಬೆರಳು ವರ್ಷಗಟ್ಟಲೆ ಓಡಾಡುವಾಗ ಆ್ಯಪಿನವರು ಏನು ಮಾಡುತ್ತಿದ್ದರು? ನಾನು ಮಂಚ ಹುಡುಕಿದರೆ ಮರುಕ್ಷಣ ದಿಂಬು ತೋರಿಸುವ ಬುದ್ಧಿವಂತ ಮಷಿನಿಗೆ ಈ ಒಂದು ಹೆಬ್ಬೆರಳು ಕಾಣುವುದಿಲ್ಲವಾ?

ದೂರು ಕೊಟ್ಟೆ. ಉತ್ತರವೂ ಬಂತು, ತುಂಬಾ ವಿನಯದ ಉತ್ತರ. ಮೇಜರ್ ಸಾಹೇಬರ ಖಾತೆಯಲ್ಲಿ ನಿಯಮ ಉಲ್ಲಂಘನೆ ಏನೂ ಕಂಡುಬಂದಿಲ್ಲವಂತೆ. ನನ್ನ ಜಾಹೀರಾತನ್ನು ಮಾತ್ರ ಅದೇ ಸಂಜೆ ತೆಗೆದುಹಾಕಿದರು. ಫೋಟೋ ಸ್ಪಷ್ಟ ಇಲ್ಲವಂತೆ, ಮಾರುವವರ ಮೇಲೆ ಸಂಶಯವಂತೆ.