ತಲಾವಾರು ಲೆಕ್ಕಕ್ಕೆ ಸಿಗದ ಕೋವಿ

ಬೆಂಗಳೂರಿನ ಜಯನಗರದಲ್ಲಿ ನಮ್ಮ ತಂದೆಯವರ ಮನೆಯಿರುವ ರಸ್ತೆಯಲ್ಲಿ ಕಳೆದ ತಿಂಗಳು ಹಾಡುಹಗಲೇ ಒಂದು ಮನೆಗೆ ಕನ್ನ ಬಿತ್ತು. ಮಾರನೆಯ ಸಂಜೆ ನಾಲ್ಕಾರು ಹಿರಿಯರು ನಮ್ಮ ಗೇಟಿನ ಬಳಿ ಸೇರಿ ಅದೇ ಮಾತನ್ನಾಡುತ್ತಿದ್ದಾಗ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನನ್ನತ್ತ ತಿರುಗಿ, "ನಿಮ್ಮ ಟೆಕ್ಸಾಸ್‌ನಲ್ಲಾಗಿದ್ರೆ ಕಳ್ಳ ಹೀಗೆ ಒಳಗೆ ಕಾಲಿಡ್ತಿದ್ನೇನಪ್ಪಾ? ಅಲ್ಲಿ ಮನೆಮನೆಯಲ್ಲೂ ಗನ್ ಇರುತ್ತಂತಲ್ಲ. ನಮಗೂ ಸರ್ಕಾರ ಸಲೀಸಾಗಿ ಲೈಸೆನ್ಸ್ ಕೊಟ್ರೆ ಎಷ್ಟೋ ವಾಸಿ" ಎಂದರು. ಹದಿನಾರು ವರ್ಷಗಳಿಂದ ಹ್ಯೂಸ್ಟನ್ ಬಳಿ ಸಂಸಾರ ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಗೇಟಿನ ಬಳಿ ನಿಂತು ಎರಡು ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಯೂ ಅದಲ್ಲ. ಅವರಿಗೆ ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಎತ್ತಿ ಆಡುವ ಅಂಕಿಗಳನ್ನೇ ನೋಡೋಣ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2017ರ ಸ್ಥಿತಿಯನ್ನು ಆಧರಿಸಿ ಮಾಡಿದ ಅಂದಾಜಿನಂತೆ, ಅಮೆರಿಕದಲ್ಲಿ ನಾಗರಿಕರ ಕೈಯಲ್ಲಿ 39.3 ಕೋಟಿ ಬಂದೂಕುಗಳಿದ್ದವು, ಅಂದರೆ ಪ್ರತಿ 100 ಜನರಿಗೆ 120.5. ಆ ಪಟ್ಟಿಯಲ್ಲಿ ಯೆಮೆನ್ 52.8, ಕೆನಡಾ 34.7, ಸ್ವಿಟ್ಜರ್ಲೆಂಡ್ 27.6, ಪಾಕಿಸ್ತಾನ 22.3, ಭಾರತ 5.3, ಜಪಾನ್ 0.3. ಈ ಸಾಲನ್ನು ಓದಿದವರಿಗೆ ಅಮೆರಿಕದಲ್ಲಿ ತಲೆಗೊಂದು ಬಂದೂಕು ಇದೆ ಎಂಬ ಭಾವನೆ ಬರುವುದು ಸಹಜ. ವಾಸ್ತವ ಹಾಗಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ ತಮ್ಮ ಬಳಿ ಬಂದೂಕಿದೆ ಎಂದು ಹೇಳಿದ ವಯಸ್ಕರು ನೂರಕ್ಕೆ ಸುಮಾರು 32 ಮಾತ್ರ. ಉಳಿದವರ ಪಾಲಿನ ಬಂದೂಕುಗಳೂ ಇವರ ಕಪಾಟುಗಳಲ್ಲೇ ಇವೆ. ಒಬ್ಬನ ಬಳಿ ಹತ್ತು ಕೋವಿ, ಅವನ ಪಕ್ಕದ ಎರಡು ಮನೆಗಳಲ್ಲಿ ಒಂದೂ ಇಲ್ಲ ಎಂಬುದು ನಾನು ಕಣ್ಣಾರೆ ಕಂಡಿರುವ ಸ್ಥಿತಿ. ಆದ್ದರಿಂದ ಬಂದೂಕುಗಳನ್ನು ಎಣಿಸುವುದಕ್ಕಿಂತ ಬಂದೂಕಿರುವ ಮನೆಗಳನ್ನು ಎಣಿಸುವುದೇ ಸರಿಯಾದ ಲೆಕ್ಕ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಒಂದು ಮನೆಯಲ್ಲಿ ನಾಲ್ಕು ಕೋವಿ ಇದ್ದರೂ ಹತ್ತು ಇದ್ದರೂ ಕೆಟ್ಟ ಗಳಿಗೆಯಲ್ಲಿ ಕೈಗೆ ಬರುವುದು ಒಂದೇ.

ಹಾಗೆ ಮನೆಗಳನ್ನು ಎಣಿಸಿದರೆ ಅಮೆರಿಕ ಒಂದು ದೇಶದಂತೆಯೇ ಕಾಣುವುದಿಲ್ಲ. ರ್‍ಯಾಂಡ್ ಸಂಶೋಧನಾ ಸಂಸ್ಥೆಯ ರಾಜ್ಯವಾರು ಅಂದಾಜಿನಲ್ಲಿ ಮೊಂಟಾನಾದ ಮೂರು ಮನೆಗಳಲ್ಲಿ ಎರಡರಲ್ಲಿ ಬಂದೂಕಿದ್ದರೆ, ಮ್ಯಾಸಚೂಸೆಟ್ಸ್‌ನಲ್ಲಿ ಅದು ನೂರು ಮನೆಗಳಿಗೆ ಸುಮಾರು 15 ಮಾತ್ರ. 2021ರಲ್ಲಿ ಗುಂಡೇಟಿನ ಸಾವುಗಳು ಪ್ರತಿ ಲಕ್ಷ ಜನರಿಗೆ ಮೊಂಟಾನಾದಲ್ಲಿ 25.1, ಮ್ಯಾಸಚೂಸೆಟ್ಸ್‌ನಲ್ಲಿ 3.4. ಮೊಂಟಾನಾ ಎಂದರೆ ಗುಂಪು ಘರ್ಷಣೆಗಳ ಮಹಾನಗರವಲ್ಲ, ವಿಶಾಲವಾದ ಹುಲ್ಲುಗಾವಲು, ಬೆಟ್ಟ, ದೂರದೂರದ ಮನೆಗಳ ನಾಡು. ಅಲ್ಲಿನ ಈ ಸಾವುಗಳಲ್ಲಿ ಬಹುಪಾಲು ಆತ್ಮಹತ್ಯೆಗಳು. ಇಡೀ ದೇಶದ ಚಿತ್ರವೂ ಇದಕ್ಕಿಂತ ತೀರ ಬೇರೆಯಲ್ಲ: 2021ರಲ್ಲಿ ಗುಂಡಿನಿಂದ ಸತ್ತ 48,830 ಮಂದಿಯಲ್ಲಿ 26,328 ಮಂದಿ ತಮ್ಮನ್ನು ತಾವೇ ಕೊಂದುಕೊಂಡವರು. ಕಳ್ಳನಿಗಾಗಿ ತಂದಿಟ್ಟ ಬಂದೂಕು ಹೆಚ್ಚಾಗಿ ಯಾರತ್ತ ತಿರುಗುತ್ತದೆ ಎಂಬುದು ಈ ಎರಡು ಸಂಖ್ಯೆಗಳಲ್ಲೇ ಇದೆ, ಮತ್ತು ನಮ್ಮ ರಸ್ತೆಯ ಆ ಹಿರಿಯರು ಟೆಕ್ಸಾಸ್‌ನ ಬಗ್ಗೆ ಕೇಳಿರುವ ಕಥೆಗಳಲ್ಲಿ ಈ ಭಾಗ ಎಂದೂ ಬಂದಿರಲಿಕ್ಕಿಲ್ಲ.

ಅಲ್ಲಿನ ನಿತ್ಯದ ಬದುಕಿನಲ್ಲಿ ಇದು ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಬೇರೆ ಅಡ್ಡಿಯಿಲ್ಲದ, 21 ವರ್ಷ ತುಂಬಿದವರು ಪರವಾನಗಿಯಿಲ್ಲದೆಯೇ ಕೈಬಂದೂಕನ್ನು ಹೊತ್ತು ಓಡಾಡಬಹುದು. ಬೇಡ ಎನ್ನುವ ಅಂಗಡಿ, ಆಸ್ಪತ್ರೆ, ಪೂಜಾಸ್ಥಳದವರು ಬಾಗಿಲಲ್ಲಿ ಫಲಕ ಹಾಕಬೇಕು. ಪರವಾನಗಿ ಇರುವವರನ್ನೂ ತಡೆಯಬೇಕಾದರೆ ಆ ಫಲಕಗಳಲ್ಲಿ ಟೆಕ್ಸಾಸ್ ದಂಡಸಂಹಿತೆಯ 30.06 ಮತ್ತು 30.07ನೇ ಕಲಮುಗಳ ಒಕ್ಕಣೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಒಂದಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಇರಬೇಕೆಂಬುದು ನಿಯಮ. ನಾವು ಹೋಗುವ ದೇವಸ್ಥಾನದ ಗಾಜಿನ ಬಾಗಿಲಲ್ಲಿ, ಚಪ್ಪಲಿ ಬಿಡುವ ಜಾಗದ ನೇರಕ್ಕೆ, ಆ ಎರಡು ಉದ್ದನೆಯ ಫಲಕಗಳಿವೆ. ನನ್ನ ಮಗಳು ಅಕ್ಷರ ಕೂಡಿಸಿ ಓದಲು ಕಲಿತ ವರ್ಷ, ಮಂಗಳಾರತಿಗೆ ಕಾಯುತ್ತಿದ್ದಾಗ, ಅದನ್ನು ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿ, "ಅಪ್ಪಾ, ದೇವರ ಹತ್ತಿರಕ್ಕೂ ಗನ್ ತರ್ತಾರಾ?" ಎಂದು ಕೇಳಿದಳು. ಅವಳನ್ನು ಗೆಳತಿಯರ ಮನೆಗೆ ಆಡಲು ಕಳುಹಿಸುವ ಮುನ್ನ, ಅಲರ್ಜಿಯ ವಿಷಯ ಕೇಳುವಂತೆಯೇ, "ನಿಮ್ಮ ಮನೆಯಲ್ಲಿ ಬಂದೂಕಿದೆಯೇ, ಬೀಗ ಹಾಕಿದ್ದೀರಾ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಮೊದಮೊದಲು ಹೀಗೆ ಕೇಳುವುದಕ್ಕೆ ಅವಳ ನಾಲಿಗೆ ಏಳುತ್ತಿರಲಿಲ್ಲ. 2022ರ ಮೇ 24ರಂದು ನಮ್ಮದೇ ರಾಜ್ಯದ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದ ಮೇಲೆ, ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ ಗುಂಡು ಹಾರಿಸಿದ ಹುಡುಗ ಕಾನೂನುಬದ್ಧವಾಗಿಯೇ ರೈಫಲ್ ಕೊಂಡಿದ್ದನೆಂದು ತಿಳಿದ ಮೇಲೆ, ಅವಳ ಸಂಕೋಚ ಹೋಯಿತು.

ಅಲ್ಲಿನ ಕನ್ನಡಿಗರೂ ಇದರಿಂದ ಹೊರತಲ್ಲ. ತಾತ್ಕಾಲಿಕ ಕೆಲಸದ ವೀಸಾದಲ್ಲಿರುವವರಿಗೆ, ಬೇಟೆಯ ಪರವಾನಗಿಯಂತಹ ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಹೊಂದುವುದು ನಿಷಿದ್ಧ. ಗ್ರೀನ್ ಕಾರ್ಡ್ ಬಂದೊಡನೆ ಆ ಅಡ್ಡಿ ತೀರುತ್ತದೆ, ಮತ್ತು ತೀರಿದೊಡನೆ ಅಂಗಡಿಗೆ ಹೋದ ಸ್ನೇಹಿತರು ನನಗಿದ್ದಾರೆ. ಅವರನ್ನು ನಾನು ಹಳಿಯುವುದಿಲ್ಲ, ಸುತ್ತಲಿನ ಭಯ ಅವರನ್ನೂ ತಾಕಿದೆ. ಆದರೆ ಅರ್ಜಿ ತುಂಬಿ, ಫೋನಿನಲ್ಲಿ ಹಿನ್ನೆಲೆ ಪರಿಶೀಲನೆ ಮುಗಿಸಿ, ಊಟದ ಹೊತ್ತಿಗೆ ಪಿಸ್ತೂಲಿನೊಂದಿಗೆ ಮನೆಗೆ ಬಂದ ಸ್ನೇಹಿತನನ್ನು ನೋಡಿದಾಗ ನನಗೆ ನೆನಪಾದದ್ದು ಕೊಪ್ಪ ತಾಲ್ಲೂಕಿನಲ್ಲಿ ತೋಟವಿರುವ ನನ್ನ ಸೋದರಮಾವ.

ಮಾವನ ಬಳಿ ಇರುವುದು ಒಂಟಿ ನಳಿಗೆಯ ಕೋವಿ, ಬೆಳೆ ರಕ್ಷಣೆಯ ಪರವಾನಗಿಯದು. ಅಜ್ಜನ ಕಾಲದಲ್ಲಿದ್ದ ಕೇಪಿನ ಕೋವಿಯ ಜಾಗಕ್ಕೆ ಅದು ಬಂತು. ಕಾಡುಹಂದಿ ಬಾಳೆಗೆ ನುಗ್ಗಿದ ರಾತ್ರಿ ಆಕಾಶಕ್ಕೆ ಒಂದು ಈಡು ಹೊಡೆದು ಹೆದರಿಸುವುದಷ್ಟೇ ಅದರ ಕೆಲಸ. 2024ರ ಲೋಕಸಭಾ ಚುನಾವಣೆ ಘೋಷಣೆಯಾಗಿ, ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾದಾಗ ನಾನು ಅಲ್ಲೇ ಇದ್ದೆ. ಮಾವ ಕೋವಿಯ ನಳಿಗೆಗೆ ಎಣ್ಣೆ ಬಟ್ಟೆ ಎಳೆದು, ಹಳೆಯ ಕಂಬಳಿಯಲ್ಲಿ ಸುತ್ತಿ, ಅಡಿಕೆ ಹಾಳೆಯ ದಾರದಿಂದ ಎರಡು ಕಡೆ ಕಟ್ಟಿ, ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಠಾಣೆಯಲ್ಲಿ ಪೇದೆಯೊಬ್ಬರು ಪರವಾನಗಿ ಪುಸ್ತಕದ ಸಂಖ್ಯೆಯನ್ನು ಕೋವಿಯ ಮೇಲಿನ ಸಂಖ್ಯೆಗೆ ಹೋಲಿಸಿ ನೋಡಿ, ರಟ್ಟಿನ ಚೀಟಿ ಕಟ್ಟಿ, ಗೋಡೆಗೆ ಒರಗಿಸಿಟ್ಟಿದ್ದ ಮೂವತ್ತು ನಲವತ್ತು ಕೋವಿಗಳ ಸಾಲಿಗೆ ಸೇರಿಸಿ ರಸೀದಿ ಕೊಟ್ಟರು. ಏಪ್ರಿಲ್ 26ಕ್ಕೆ ಅಲ್ಲಿ ಮತದಾನ ಮುಗಿದರೂ, ಜೂನ್ 4ರ ಎಣಿಕೆ ಆಗುವವರೆಗೆ ಕೋವಿ ಮರಳಿ ಬರಲಿಲ್ಲ. ಆ ನಡುವೆ ಹಂದಿಗಳು ಬಾಳೆಯ ಒಂದು ಪಟ್ಟಿಯನ್ನೇ ಬುಡಮೇಲು ಮಾಡಿದವು. ಚುನಾವಣೆ ಬಂದಾಗಲೆಲ್ಲ ಮಲೆನಾಡಿನ ಬೆಳೆಗಾರರು ಇದಕ್ಕೆ ಆಕ್ಷೇಪಿಸುವುದು ನ್ಯಾಯವೇ ಆಗಿದೆ. ಯಾವ ಮೊಕದ್ದಮೆಯೂ ಇಲ್ಲದ ರೈತನ ಕೋವಿಯನ್ನು ಸುಮಾರು ಎರಡೂವರೆ ತಿಂಗಳು ಇಟ್ಟುಕೊಳ್ಳಬೇಕಾದ ಅಗತ್ಯ ನನಗೂ ಕಾಣುವುದಿಲ್ಲ. ಆದರೆ ಪರವಾನಗಿಯ ಒಂದೊಂದು ಕೋವಿಯೂ ಯಾರದು, ಏಕೆ ಇದೆ, ಈಗ ಎಲ್ಲಿದೆ ಎಂದು ಹೇಳಬಲ್ಲ ವ್ಯವಸ್ಥೆಯೊಂದು ಅಲ್ಲಿದೆ. ಅಮೆರಿಕದಲ್ಲಿ 1986ರ ಕಾಯ್ದೆಯೊಂದು ಅಂತಹ ಒಕ್ಕೂಟ ಮಟ್ಟದ ನೋಂದಣಿಯನ್ನೇ ನಿಷೇಧಿಸಿದೆ. 39.3 ಕೋಟಿ ಎಂಬ ಅಂಕಿ ಅಂದಾಜಾಗಿಯೇ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಭಾರತದೊಳಗಿನ ಹೋಲಿಕೆಗೂ ಇದೇ ಎಚ್ಚರ ಬೇಕು. ಕೇಂದ್ರ ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿ 33,69,444 ಪರವಾನಗಿಗಳಿದ್ದವು. ಉತ್ತರ ಪ್ರದೇಶದ್ದೇ 12.77 ಲಕ್ಷ, ಕರ್ನಾಟಕದ್ದು 1,13,631. ಇವನ್ನು 2011ರ ಜನಗಣತಿಯಿಂದ ಭಾಗಿಸಿ ನೋಡಿದರೆ ಸಾವಿರ ಜನರಿಗೆ ಉತ್ತರ ಪ್ರದೇಶದಲ್ಲಿ ಆರಕ್ಕೂ ಹೆಚ್ಚು, ಪಂಜಾಬಿನಲ್ಲಿ ಸುಮಾರು ಹದಿಮೂರು, ಕರ್ನಾಟಕದಲ್ಲಿ ಎರಡಕ್ಕೆ ತುಸು ಕಡಿಮೆ, ಮಹಾರಾಷ್ಟ್ರದಲ್ಲಿ ಒಂದಕ್ಕೂ ಕಡಿಮೆ. ಎಲ್ಲಕ್ಕಿಂತ ಮೇಲೆ ನಿಲ್ಲುವುದು ಜಮ್ಮು ಮತ್ತು ಕಾಶ್ಮೀರ, ಸಾವಿರಕ್ಕೆ ಇಪ್ಪತ್ತೊಂಬತ್ತು. ಆದರೆ ಅಲ್ಲಿ ಅನರ್ಹರಿಗೆ, ಹೊರರಾಜ್ಯದವರಿಗೆ ರಾಶಿರಾಶಿಯಾಗಿ ಪರವಾನಗಿ ಕೊಟ್ಟ ಆರೋಪವನ್ನು ಮುಂದೆ ಸಿಬಿಐ ತನಿಖೆ ಮಾಡಿತು. ಹಾಗಾಗಿ ಆ ಅಂಕಿಯನ್ನು ಅಲ್ಲಿನ ಜನಸಂಖ್ಯೆಯಿಂದ ಭಾಗಿಸುವುದಕ್ಕೇ ಅರ್ಥವಿಲ್ಲ.

ಕರ್ನಾಟಕದ ಅಂಕಿಯೂ ಪೂರ್ತಿಯಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಉಳ್ಳವರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. 1857ರ ದಂಗೆಯ ನಂತರ ದೇಶದ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಉದ್ಯಾನದ ಹೆಸರಿನಲ್ಲಿ ಇಂದಿಗೂ ಉಳಿದಿರುವ ಮಾರ್ಕ್ ಕಬ್ಬನ್ 1861ರಲ್ಲಿ ಹೊರಡಿಸಿದ ಆದೇಶ ಅದರ ಮೂಲ. ಕೇಂದ್ರ ಸರ್ಕಾರ 2029ರವರೆಗೆ ಅದನ್ನು ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ತೋಕ್‌ಗೆ (ಕೋವಿಗೆ) ಪೂಜೆ: ಅಲ್ಲಿ ಕೋವಿ ಮನೆತನಕ್ಕೆ ಸೇರಿದ್ದು, ಊರೆಲ್ಲ ಅದರ ಸದ್ದಿನ ಅರ್ಥವನ್ನು ಬಲ್ಲದು. ಕೊಡಗನ್ನು ಟೆಕ್ಸಾಸ್‌ಗೆ ಹೋಲಿಸುವವರು ಗಮನಿಸಬೇಕಾದದ್ದೇನೆಂದರೆ, ಈ ಆಚರಣೆಗಳ ಕೋವಿ ಸೊಂಟದಲ್ಲಿ ಮರೆಮಾಡಿ ಒಯ್ಯುವ ಪಿಸ್ತೂಲಲ್ಲ.

ಇನ್ನು ಯಾವ ಪುಸ್ತಕದಲ್ಲೂ ಇಲ್ಲದ ಬಂದೂಕುಗಳು. ಭಾರತದ 5.3 ಎಂಬ ಪ್ರಮಾಣದ ಹಿಂದಿರುವುದು 7.11 ಕೋಟಿ ಬಂದೂಕುಗಳ ಅಂದಾಜು, ಅದರಲ್ಲಿ ನೋಂದಣಿಯಾದವು ಒಂದು ಕೋಟಿಯೂ ಇಲ್ಲ. ಬಿಹಾರದ ಮುಂಗೇರ್‌ನಿಂದ ನಮ್ಮ ಭೀಮಾತೀರದವರೆಗೆ ಕೈಬದಲಾಗುವ ನಾಡ ಪಿಸ್ತೂಲುಗಳ ಹೆಸರು ಎಲ್ಲರಿಗೂ ಗೊತ್ತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಸರ್ಕಾರದ ಬಿಗಿ ತೋರಬೇಕಾದದ್ದು ಇಂತಹ ಆಯುಧದ ಜಾಡಿನ ಮೇಲೆ. ನನ್ನ ಮಾವನ ಕೋವಿಯನ್ನು ಗೋಡೆಗೆ ಒರಗಿಸಿದ್ದರಿಂದ ಅಂಥದ್ದೊಂದೂ ನಿಲ್ಲುವುದಿಲ್ಲ.

ಬೆಂಗಳೂರಿನ ಜನ ಬಂದೂಕನ್ನು ಕಾಣುವುದು ಹೆಚ್ಚೆಂದರೆ ಚಿನ್ನದಂಗಡಿಯ ಬಾಗಿಲಲ್ಲಿ, ಎಟಿಎಂಗೆ ಹಣ ತುಂಬುವ ವಾಹನದ ಪಕ್ಕದಲ್ಲಿ ಜೋಡು ನಳಿಗೆ ಹಿಡಿದು ನಿಂತ ಕಾವಲುಗಾರನ ಹೆಗಲ ಮೇಲೆ. ಇಲ್ಲಿ ಆತ್ಮರಕ್ಷಣೆಗೆಂದು ಪರವಾನಗಿ ಬೇಕಾದವರು ಪೊಲೀಸ್ ಆಯುಕ್ತರ ಕಚೇರಿಗೆ ಅರ್ಜಿ ಹಾಕಬೇಕು, ಠಾಣೆಯ ವರದಿ ಬರಬೇಕು, ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಬೇಕು, ಸುರಕ್ಷಿತ ಬಳಕೆಯ ತರಬೇತಿ ಪಡೆದಿರಬೇಕು, ಮತ್ತು ನಿಜವಾದ ಅಗತ್ಯವಿದೆಯೆಂದು ತೋರಿಸಬೇಕು. ಈ ದಾರಿ ಉದ್ದವಾಯಿತೆಂದು ನಮ್ಮ ರಸ್ತೆಯ ಹಿರಿಯರಿಗೆ ಬೇಸರವಿದೆ. ಆದರೆ ಒಬ್ಬ ಮನುಷ್ಯನ ಸಿಟ್ಟಿಗೂ ಅವನ ಕೈಗೆ ಬರುವ ಬಂದೂಕಿಗೂ ನಡುವೆ, ಒಬ್ಬ ಮನುಷ್ಯನ ಹತಾಶೆಗೂ ಅವನ ಕಪಾಟಿನ ಬಂದೂಕಿಗೂ ನಡುವೆ ಇರುವ ದಿನಗಳು ಅವೇ, ಮತ್ತು ನಾನು ವಾಸಿಸುವ ಊರಿನಲ್ಲಿ ಇಲ್ಲದಿರುವುದೂ ಅವೇ ದಿನಗಳು.

ಮೊನ್ನೆ ಅವರನ್ನು ಮತ್ತೆ ಕಂಡಾಗ ಇಷ್ಟನ್ನೂ ಹೇಳದೆ ಒಂದೇ ಪ್ರಶ್ನೆ ಕೇಳಿದೆ: "ಅಂಕಲ್, ಕನ್ನ ಬಿದ್ದ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರಾದ್ರೂ ಇದ್ರಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಪ್ಪ, ಮದುವೆಗೆ ತುಮಕೂರಿಗೆ ಹೋಗಿದ್ರು" ಎಂದರು. ಬೀರುವಿನಲ್ಲಿ ಬಂದೂಕಿದ್ದಿದ್ದರೆ ಒಡವೆಯ ಜೊತೆಗೆ ಅದೂ ಹೋಗಿರುತ್ತಿತ್ತು ಎಂದೆ. ಅವರು ತಲೆಯಾಡಿಸಿ, ಕಿಟಕಿಯ ಸರಳುಗಳನ್ನು ಬದಲಿಸಲು ಯಾವ ವೆಲ್ಡರ್ ಒಳ್ಳೆಯವನು ಎಂದು ನಮ್ಮ ತಂದೆಯವರನ್ನು ವಿಚಾರಿಸತೊಡಗಿದರು.